ಕಣ್ಣು ಹಕ್ಕಿಯ ಮೇಲೆ, ಬೆರಳು ಡಯಲ್ ಮೇಲೆ: ಕ್ಯಾಮೆರಾ, ಲೆನ್ಸ್ ಕೈಗೆ ಒಗ್ಗಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ರಂಗನತಿಟ್ಟಿನ ದೋಣಿಯಲ್ಲಿ ಕೂತಿದ್ದೆ. ಒಂದು ಕಪ್ಪು ಬಿಳಿ ಮಿಂಚುಳ್ಳಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತಿತ್ತು. ತಲೆ ಬಗ್ಗಿಸಿ ನೀರನ್ನೇ ನೋಡುತ್ತಿತ್ತು. ಈ ಹಕ್ಕಿ ಹೀಗೆ ನಿಂತರೆ ಮುಂದಿನ ಕ್ಷಣ ಕಲ್ಲು ಬಿದ್ದ ಹಾಗೆ ನೀರಿಗೆ ಬೀಳುತ್ತದೆ. ನನ್ನ ಶಟರ್ ವೇಗ ಸಾಲದಾಗಿತ್ತು, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ಹೇಳುವ ಐಎಸ್‌ಒ ಏರಿಸಬೇಕಿತ್ತು. ಗುಂಡಿ ಹುಡುಕಲು ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸಿದೆ. ಗುಂಡಿ ಸಿಕ್ಕಿತು. ಅಷ್ಟರಲ್ಲಿ ನೀರಿನ ಸದ್ದು ಕೇಳಿಸಿತು. ತಲೆ ಎತ್ತಿದಾಗ ಹಕ್ಕಿ ಮೀನು ಕಚ್ಚಿಕೊಂಡು ಆಚೆ ದಡಕ್ಕೆ ಹೋಗಿತ್ತು.

ಆ ಕ್ಷಣ ಬಹಳ ದಿನ ಕಾಡಿತು. ಕ್ಯಾಮೆರಾ ಚೆನ್ನಾಗಿತ್ತು, ಲೆನ್ಸ್ ಚೆನ್ನಾಗಿತ್ತು, ಬೆಳಕೂ ಇತ್ತು. ಗುಂಡಿ ಎಲ್ಲಿದೆ ಅಂತ ತಲೆಗೆ ಗೊತ್ತಿತ್ತು, ಬೆರಳಿಗೆ ಗೊತ್ತಿರಲಿಲ್ಲ. ಸ್ಕೂಟರ್ ಓಡಿಸುವಾಗ ಹಾರ್ನ್ ಎಲ್ಲಿದೆ ಅಂತ ಯಾರಾದರೂ ಬಗ್ಗಿ ನೋಡುತ್ತಾರಾ? ಹೆಬ್ಬೆರಳು ತಾನಾಗಿಯೇ ಹೋಗುತ್ತೆ, ಅಲ್ವಾ? ಕ್ಯಾಮೆರಾದಲ್ಲೂ ಹಾಗೇ ಆಗಬೇಕು. ಹೊಸ ಕ್ಯಾಮೆರಾಗೆ ದುಡ್ಡು ಹಾಕುವ ಮುಂಚೆ, ಈಗ ಕೈಯಲ್ಲಿ ಇರುವುದನ್ನು ನಿಮ್ಮ ಕೈಗೆ ಹೊಂದಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಖರ್ಚಿಲ್ಲ. ಎರಡು ಮೂರು ವಾರ ಬೇಕು ಅಷ್ಟೇ.

ಇಲ್ಲಿ ಹೇಳುವುದು ಜಾಸ್ತಿ ಹಕ್ಕಿ, ಪ್ರಾಣಿಗಳ ಫೋಟೊ ತೆಗೆಯುವವರ ಅನುಭವದಿಂದ ಬಂದದ್ದು. ಮದುವೆ, ಕ್ರೀಡೆ, ರಸ್ತೆಯ ಫೋಟೊ ತೆಗೆಯುವವರಿಗೂ ಬಹುಪಾಲು ಇದೇ ಅನ್ವಯಿಸುತ್ತದೆ.

ಹಂತ 1: ವ್ಯೂಫೈಂಡರ್ ನಿಮ್ಮ ಕಣ್ಣಿಗೆ ಸರಿಯಾಗಿದೆಯಾ?

ವ್ಯೂಫೈಂಡರಿಗೆ ಕಣ್ಣಿಟ್ಟು ನೋಡುವ ಐಪೀಸ್ ಪಕ್ಕದಲ್ಲಿ ಒಂದು ಪುಟ್ಟ ಚಕ್ರ ಇರುತ್ತದೆ. ಅದು ಡಯಾಪ್ಟರ್. ಚೀಲದಲ್ಲಿ ಉಜ್ಜಿ ಅದು ತಿರುಗಿಬಿಟ್ಟಿರುತ್ತದೆ. ಚಿತ್ರ ಮಸುಕಾಗಿ ಕಾಣುತ್ತದೆ, ನಾವು ಲೆನ್ಸ್ ಕೆಟ್ಟಿದೆ ಅಂದುಕೊಳ್ಳುತ್ತೇವೆ.

ಕ್ಯಾಮೆರಾವನ್ನು ಬಿಳಿ ಗೋಡೆಗೋ ಆಕಾಶಕ್ಕೋ ಹಿಡಿಯಿರಿ. ಹೊರಗಿನ ದೃಶ್ಯ ನೋಡಬೇಡಿ. ವ್ಯೂಫೈಂಡರ್ ಒಳಗೆ ಕೆಳಗಡೆ ಕಾಣುವ ಅಂಕಿಗಳನ್ನು ನೋಡಿ. ಅವು ಅಚ್ಚಿನ ಹಾಗೆ ಚೂಪಾಗಿ ಕಾಣುವವರೆಗೆ ಚಕ್ರ ತಿರುಗಿಸಿ. ಕನ್ನಡಕ ಹಾಕಿಕೊಂಡು ಫೋಟೊ ತೆಗೆಯುವವರು ಕನ್ನಡಕ ಹಾಕಿಕೊಂಡೇ ಇದನ್ನು ಮಾಡಿ.

ಹಂತ 2: ಹಿಡಿಯುವ ಬಗೆ

ಹೊಸಬರು ಮಾಡುವ ದೊಡ್ಡ ತಪ್ಪು ಎಡಗೈಯದು. ಲೆನ್ಸನ್ನು ಮೇಲಿನಿಂದ, ಲೋಟ ಹಿಡಿದ ಹಾಗೆ ಹಿಡಿಯುತ್ತಾರೆ. ಆಗ ಪೂರ್ತಿ ಭಾರ ಬಲಗೈ ಮೇಲೆ ಬೀಳುತ್ತದೆ. ಭಾರ ಹೊತ್ತ ಕೈಯ ಬೆರಳುಗಳು ಬಿಗಿಯುತ್ತವೆ. ಬಿಗಿದ ಬೆರಳಿನಿಂದ ಡಯಲ್ ತಿರುಗಿಸಲು ಆಗುವುದಿಲ್ಲ. ಇಷ್ಟು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಹಾಗಾಗಿ ಕೆಲಸ ಹಂಚಿ. ಭಾರ ಹೊರುವುದು ಎಡಗೈ, ಗುಂಡಿ ನಡೆಸುವುದು ಬಲಗೈ. ಎಡ ಅಂಗೈಯನ್ನು ಮೇಲ್ಮುಖ ಮಾಡಿ, ಪ್ರಸಾದ ತೆಗೆದುಕೊಳ್ಳುವ ಹಾಗೆ. ಅದರ ಮೇಲೆ ಲೆನ್ಸ್ ಕೂರಲಿ. ಹೆಬ್ಬೆರಳು ಮತ್ತು ತೋರುಬೆರಳು ಝೂಮ್ ರಿಂಗ್ ಮೇಲೆ ಬರಲಿ. ಮೊಣಕೈಗಳು ಪಕ್ಕೆಗೆ ತಾಗಲಿ. ಐಪೀಸ್ ಹುಬ್ಬಿಗೆ ಮೆತ್ತಗೆ ಒತ್ತಿಕೊಂಡಿರಲಿ. ಎರಡು ಕೈ, ಒಂದು ಹಣೆ: ಕ್ಯಾಮೆರಾಗೆ ಮೂರು ಕಾಲು ಸಿಕ್ಕಿತು.

ಪರೀಕ್ಷೆ ಬೇಕಾ? ಹೀಗೆ ಹಿಡಿದುಕೊಂಡು ಬಲಗೈಯನ್ನು ನಿಧಾನಕ್ಕೆ ಸಡಿಲಿಸಿ. ಕ್ಯಾಮೆರಾ ಅಲ್ಲಾಡದೆ ಎಡಗೈ ಮೇಲೆ ನಿಂತರೆ ಹಿಡಿತ ಸರಿ. ಮುಂದಕ್ಕೆ ವಾಲಿದರೆ ಎಡಗೈಯನ್ನು ಇನ್ನೊಂದಿಷ್ಟು ಮುಂದೆ ಸರಿಸಿ. ಕೊರಳ ಪಟ್ಟಿ ಹಾಕಿಕೊಂಡೇ ಇದನ್ನು ಮಾಡಿ, ಮರೆಯಬೇಡಿ.

ಉದ್ದ ಲೆನ್ಸಿಗೆ ಇನ್ನೂ ಸ್ವಲ್ಪ ಯೋಚನೆ ಬೇಕು. ನಮ್ಮ ಕಡೆಯ ಹಕ್ಕಿ ಫೋಟೊಗ್ರಾಫರುಗಳ ಕೈಯಲ್ಲಿ ತುಂಬಾ ಕಾಣುವ ನಿಕಾನ್ 200-500 ಎಂಎಂ ಲೆನ್ಸ್ ತೆಗೆದುಕೊಳ್ಳಿ. ಟ್ರೈಪಾಡ್ ಕಾಲರ್ (ಲೆನ್ಸನ್ನು ಟ್ರೈಪಾಡಿಗೆ ಕೂರಿಸುವ ಬಳೆ) ಸೇರಿ 2,300 ಗ್ರಾಂ. 500ಕ್ಕೆ ಝೂಮ್ ಮಾಡಿದರೆ ಕೊಳವೆ ಮುಂದಕ್ಕೆ ಚಾಚುತ್ತದೆ, ಭಾರವೂ ಮುಂದಕ್ಕೆ ಹೋಗುತ್ತದೆ. 200ರಲ್ಲಿ ಹಿತವಾಗಿದ್ದ ಹಿಡಿತ 500ರಲ್ಲಿ ಹಿತವಾಗಿರುವುದಿಲ್ಲ. ಸೋನಿಯ 200-600, ನಿಕಾನ್ ಝಡ್ ಮೌಂಟಿನ 180-600 ಒಳಗೊಳಗೇ ಝೂಮ್ ಆಗುತ್ತವೆ, ಉದ್ದ ಬದಲಾಗುವುದಿಲ್ಲ. ಅಂಥ ಲೆನ್ಸ್ ಇದ್ದರೆ ಎಡಗೈಗೆ ಒಂದೇ ಜಾಗ ಸಾಕು. ಚಾಚುವ ಲೆನ್ಸ್ ಇದ್ದರೆ ನೀವು ಹೆಚ್ಚು ಬಳಸುವ ಝೂಮಿಗೆ ತಕ್ಕ ಹಾಗೆ ಕೈ ಇಡಿ. ಹಕ್ಕಿಗಾದರೆ ಅದು ಬಹುಪಾಲು 500ರ ಹತ್ತಿರವೇ ಇರುತ್ತದೆ.

ಕಾಲರಿನ ಟ್ರೈಪಾಡ್ ಕಾಲು ಅಂಗೈಗೆ ಚುಚ್ಚುತ್ತಿದ್ದರೆ ಕಾಲರ್ ಸಡಿಲಿಸಿ ಮೇಲಕ್ಕೆ ತಿರುಗಿಸಿ. ನಡೆಯುವಾಗ ಅದೇ ಹಿಡಿಕೆಯಾಗುತ್ತದೆ. ಕೆಲವರಿಗೆ ಕಾಲು ಅಂಗೈ ಮೇಲೆ ಕೂತರೇ ಹಿತ. ಎರಡನ್ನೂ ನೋಡಿ ಆರಿಸಿಕೊಳ್ಳಿ.

ಶಟರ್ ಗುಂಡಿಯ ವಿಷಯ ಒಂದು ಮಾತು. ಬೆರಳನ್ನು ಎತ್ತಿ ಕುಟ್ಟಬೇಡಿ. ಬೆರಳ ತುದಿ ಗುಂಡಿಯ ಮೇಲೇ ಇರಲಿ, ಅರ್ಧ ಒತ್ತಿ ಕಾಯಿರಿ, ಉಸಿರು ಬಿಟ್ಟು ಉಳಿದರ್ಧ ಒತ್ತಿ. 500 ಎಂಎಂ ಲೆನ್ಸಿಗೆ ಕನಿಷ್ಠ 1/500 ಸೆಕೆಂಡ್ ಬೇಕು ಎನ್ನುವುದು ಹಳೆಯ ಲೆಕ್ಕ. ಸೆನ್ಸರ್ ಚಿಕ್ಕದಾದ 1.5 ಕ್ರಾಪ್ ಕ್ಯಾಮೆರಾದಲ್ಲಿ ಅದು 1/750 ಆಗುತ್ತದೆ. ಸ್ಟೆಬಿಲೈಸೇಶನ್ ಇದ್ದರೆ ಇನ್ನೂ ಕಡಿಮೆಯಲ್ಲಿ ತೆಗೆಯಬಹುದು. ಆದರೆ ಅದು ತಡೆಯುವುದು ನಮ್ಮ ಕೈಯ ನಡುಕವನ್ನು ಮಾತ್ರ, ಹಕ್ಕಿಯ ರೆಕ್ಕೆಯನ್ನಲ್ಲ.

ಹಂತ 3: ಬೆರಳುಗಳಿಗೆ ಕೆಲಸ ಹಂಚಿ

ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ಸಲ ಫೋಟೊ ತೆಗೆಯಲು ಹೋದಾಗ ಕಣ್ಣು ವ್ಯೂಫೈಂಡರಿನಲ್ಲಿ ಇರುವಾಗಲೇ ಏನೇನು ಬದಲಿಸಬೇಕಾಯಿತು, ಬರೆಯಿರಿ. ನನ್ನ ಪಟ್ಟಿಯಲ್ಲಿ ಆರೇ ಇದ್ದವು: ಶಟರ್ ವೇಗ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಗಲ), ಐಎಸ್‌ಒ, ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ಹೆಚ್ಚು ಕಡಿಮೆ ಮಾಡುವುದು), ಫೋಕಸ್ ಬಿಂದು, ಫೋಕಸ್ ಶುರು ಮಾಡುವುದು. ನಿಮ್ಮದೂ ಸುಮಾರು ಇಷ್ಟೇ ಇರುತ್ತದೆ. ವೈಟ್ ಬ್ಯಾಲೆನ್ಸ್, ಚಿತ್ರದ ಗುಣಮಟ್ಟ, ವೈಫೈ ಇವೆಲ್ಲ ನಿಂತು ನೋಡಿಕೊಂಡು ಬದಲಿಸುವಂಥವು. ಅವಕ್ಕೆ ಒಳ್ಳೆಯ ಜಾಗದ ಗುಂಡಿ ಕೊಡಬೇಡಿ.

ಈಗ ಬಲಗೈ ನೋಡಿ. ಗ್ರಿಪ್ ಹಿಡಿದ ಮೇಲೆ ಬಿಡುವಾಗಿ ಉಳಿಯುವುದು ತೋರುಬೆರಳು, ಹೆಬ್ಬೆರಳು, ಕೆಲವು ಕ್ಯಾಮೆರಾಗಳಲ್ಲಿ ಮಧ್ಯದ ಬೆರಳು. ಈ ಮೂರರಿಂದ ಆರು ಕೆಲಸ ಆಗಬೇಕು.

ಇದು ಹೊಸ ತಲೆನೋವಲ್ಲ. 1986ರಲ್ಲಿ ಬಂದ ಕ್ಯಾನನ್ ಟಿ90 ಕ್ಯಾಮೆರಾದ ಆಕಾರಕ್ಕೆ ಜರ್ಮನಿಯ ವಿನ್ಯಾಸಗಾರ ಲುಯಿಜಿ ಕೊಲಾನಿ ಕೈ ಜೋಡಿಸಿದ್ದರು. ಅಂಗೈಗೆ ಕೂರುವ ಉಬ್ಬಿದ ಗ್ರಿಪ್, ತೋರುಬೆರಳಿಗೆ ಸಿಗುವ ಹಾಗೆ ಶಟರ್ ಗುಂಡಿಯ ಹಿಂದೆ ಒಂದು ಡಯಲ್. ಈವತ್ತು ನಿಮ್ಮ ಕೈಯಲ್ಲಿರುವ ಕ್ಯಾಮೆರಾದ ಮೈಕಟ್ಟು ಬಹುಮಟ್ಟಿಗೆ ಅದರದೇ ಮುಂದುವರಿಕೆ. ಅದಕ್ಕೂ ಮೊದಲು ಒಲಿಂಪಸ್ ಓಎಂ-1 ಶಟರ್ ವೇಗದ ರಿಂಗನ್ನು ಲೆನ್ಸ್ ಕೂರುವ ಜಾಗದ ಸುತ್ತಲೇ ಇಟ್ಟಿತ್ತು. ಎಡಗೈ ಒಂದರಿಂದಲೇ ಫೋಕಸ್, ಅಪರ್ಚರ್, ಶಟರ್ ಮೂರೂ ಆಗುತ್ತಿತ್ತು. ನನಗೆ ಅದು ಇವತ್ತಿಗೂ ಬಹಳ ಇಷ್ಟವಾದ ಯೋಚನೆ.

ಎರಡು ಡಯಲ್ ಇರುವ ಕ್ಯಾಮೆರಾದಲ್ಲಿ ಹಂಚಿಕೆ ಸುಲಭ. ಒಂದು ಡಯಲ್ ಶಟರ್, ಇನ್ನೊಂದು ಅಪರ್ಚರ್. ಯಾವುದು ಎಲ್ಲಿ ಅಂತ ಬದಲಿಸುವ ಆಯ್ಕೆ ಬಹುಪಾಲು ಕ್ಯಾಮೆರಾಗಳಲ್ಲಿ ಇದೆ, ತಿರುಗುವ ದಿಕ್ಕನ್ನೂ ಬದಲಿಸಬಹುದು. ಬಲಕ್ಕೆ ತಿರುಗಿಸಿದರೆ ಜಾಸ್ತಿ ಆಗಬೇಕು ಅಂತ ನಿಮ್ಮ ಮನಸ್ಸಿಗೆ ಅನ್ನಿಸಿದರೆ ಹಾಗೇ ಮಾಡಿಕೊಳ್ಳಿ. ಕಂಪನಿ ಇಟ್ಟಿದ್ದೇ ಸರಿ ಅಂತ ಏನಿಲ್ಲ.

ಕ್ಯಾನನ್ 1500ಡಿ, ನಿಕಾನ್ ಡಿ3500 ತರಹದ ಆರಂಭದ ಕ್ಯಾಮೆರಾಗಳಲ್ಲಿ ಒಂದೇ ಡಯಲ್. ಮ್ಯಾನ್ಯುಯಲ್ ಮೋಡಿನಲ್ಲಿ ಡಯಲ್ ತಿರುಗಿಸಿದರೆ ಶಟರ್. ಕಾಂಪೆನ್ಸೇಶನ್ ಗುಂಡಿ ಒತ್ತಿಕೊಂಡು ತಿರುಗಿಸಿದರೆ ಅಪರ್ಚರ್. ಹಕ್ಕಿ ಹಾರುವಾಗ ಎರಡೆರಡು ಬೆರಳಿನ ಕೆಲಸ ಕಷ್ಟ. ನನ್ನ ಸಲಹೆ: ಅಪರ್ಚರ್ ಮೋಡಿನಲ್ಲಿ ಇರಿ. ಲೆನ್ಸಿನ ದೊಡ್ಡ ಅಪರ್ಚರನ್ನೇ ಇಟ್ಟು ಅದನ್ನು ಮರೆತುಬಿಡಿ. ಆಟೊ ಐಎಸ್‌ಒ ಹಾಕಿ, ಕನಿಷ್ಠ ಶಟರ್ ವೇಗ ನಿಗದಿ ಮಾಡುವ ಆಯ್ಕೆ ಇದ್ದರೆ ಅದನ್ನೂ ಹಾಕಿ. ಆಗ ಕೈಗೆ ಉಳಿಯುವುದು ಕಾಂಪೆನ್ಸೇಶನ್ ಒಂದೇ.

ಈ ಕಾಂಪೆನ್ಸೇಶನ್ ಯಾಕೆ ಬೆರಳ ತುದಿಯಲ್ಲೇ ಇರಬೇಕು ಗೊತ್ತಾ? ಕೊಕ್ಕರೆ ಬೆಳ್ಳೂರಿಗೋ ಯಾವುದಾದರೂ ಕೆರೆ ಏರಿಗೋ ಹೋಗಿ ನೋಡಿ. ಕಪ್ಪು ನೀರಿನ ಮುಂದೆ ಬೆಳ್ಳಕ್ಕಿ ನಿಂತಿದೆ. ಕ್ಯಾಮೆರಾ ಕತ್ತಲೆ ಜಾಸ್ತಿ ಅಂದುಕೊಂಡು ಬೆಳಕು ಏರಿಸುತ್ತದೆ, ಬಿಳಿ ಗರಿಯ ಗೆರೆಗಳೆಲ್ಲ ಕರಗಿ ಸುಣ್ಣ ಬಳಿದ ಹಾಗೆ ಆಗುತ್ತದೆ. ಇಲ್ಲಿ ಎರಡು ಮೂರು ಕ್ಲಿಕ್ ಮೈನಸ್ ಬೇಕು. ಅದೇ ಹೊತ್ತಿಗೆ ಕರೆಂಟ್ ತಂತಿ ಮೇಲೆ ಕಾಜಾಣ ಕೂತರೆ? ಹಿಂದೆ ಬೆಳ್ಳಗಿನ ಆಕಾಶ. ಮೂರರಿಂದ ಐದು ಕ್ಲಿಕ್ ಪ್ಲಸ್ ಕೊಡದಿದ್ದರೆ ಹಕ್ಕಿ ಬರೀ ನೆರಳು. ಒಂದು ನಿಮಿಷದಲ್ಲಿ ಎರಡೂ ಬೇಕಾಗುತ್ತವೆ. ಕ್ಯಾನನ್ನಿನ ಎರಡು ಡಯಲ್ ಕ್ಯಾಮೆರಾಗಳಲ್ಲಿ ಎವಿ (ಅಪರ್ಚರ್) ಮೋಡಿನಲ್ಲಿ ಹಿಂದಿನ ಡಯಲ್ ನೇರವಾಗಿ ಇದೇ ಕೆಲಸ ಮಾಡುತ್ತದೆ. ನಿಕಾನಿನಲ್ಲಿ ಈಸಿ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅಂತ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಗುಂಡಿ ಒತ್ತದೆ ಡಯಲ್ ತಿರುಗಿಸಿದರೆ ಸಾಕು.

ಇನ್ನು ಐಎಸ್‌ಒ. ನಿಕಾನ್ ಡಿ7200, ಡಿ750ಗಳಲ್ಲಿ ಅದರ ಗುಂಡಿ ಪರದೆಯ ಎಡಕ್ಕಿದೆ. ಭಾರ ಹೊತ್ತ ಎಡಗೈ ಬಿಟ್ಟರೆ ಮಾತ್ರ ಅಲ್ಲಿಗೆ ಬೆರಳು ಹೋಗುತ್ತದೆ. 2016ರಲ್ಲಿ ಬಂದ ಡಿ5, ಡಿ500ಗಳಲ್ಲಿ ಅದನ್ನು ಶಟರ್ ಗುಂಡಿಯ ಪಕ್ಕಕ್ಕೆ ತಂದರು. ನಿಮ್ಮ ಕ್ಯಾಮೆರಾದಲ್ಲಿ ಅದು ದೂರ ಇದ್ದರೆ ಮೆನುವಿನಲ್ಲಿ ಗುಂಡಿಗಳ ಕೆಲಸ ಬದಲಿಸುವ ಪುಟಕ್ಕೆ ಹೋಗಿ. ಶಟರ್ ಪಕ್ಕದ ಕೆಂಪು ಚುಕ್ಕೆಯ ವಿಡಿಯೊ ಗುಂಡಿಗೆ ಐಎಸ್‌ಒ ಕೊಡಲು ಆಗುತ್ತದಾ ನೋಡಿ. ವಿಡಿಯೊ ತೆಗೆಯದವರಿಗೆ ಆ ಗುಂಡಿ ಸುಮ್ನೆ ಬಿದ್ದಿರುತ್ತದೆ, ಜಾಗ ಮಾತ್ರ ಚಿನ್ನದಂಥದ್ದು.

ಒಂದೇ ಎತ್ತರದ ಮೂರು ಗುಂಡಿ ಸಾಲಾಗಿದ್ದರೆ ಬೆರಳಿಗೆ ಗೊಂದಲ. ಇದಕ್ಕೆ ನಾನು ಬಳಸುವುದು ಹಣೆಗೆ ಇಡುವ ಸ್ಟಿಕ್ಕರ್ ಬೊಟ್ಟು. ಸಣ್ಣ ಕಲ್ಲು ಇರುವಂಥದ್ದು. ಬೇಕಾದ ಗುಂಡಿಗೆ ಅಂಟಿಸಿದರೆ ಕತ್ತಲಲ್ಲೂ ಬೆರಳಿಗೆ ತಾಗುತ್ತದೆ. ಮಳೆಗಾಲದಲ್ಲಿ ಬಿದ್ದುಹೋದರೆ ಇನ್ನೊಂದು ಅಂಟಿಸಿದರಾಯಿತು.

ಬೆರಳಿಗೆ ಏಣು, ಉಬ್ಬು, ತಗ್ಗು ಬೇಕು. 2018ರಲ್ಲಿ ಕ್ಯಾನನ್ ಇಒಎಸ್ ಆರ್ ಕ್ಯಾಮೆರಾದ ಹಿಂಭಾಗದಲ್ಲಿ ಸವರಿ ನಡೆಸುವ ನುಣ್ಣನೆಯ ಪಟ್ಟಿ ಇಟ್ಟಿತ್ತು. ಆಮೇಲೆ ಬಂದ ಆರ್5, ಆರ್6ಗಳಲ್ಲಿ ಅದು ಇಲ್ಲ. ಆ ಜಾಗದಲ್ಲಿ ಜಾಯ್‌ಸ್ಟಿಕ್ ಬಂತು. ಕಣ್ಣು ಬೇರೆಲ್ಲೋ ಇರುವಾಗ ನುಣ್ಣನೆಯ ಪಟ್ಟಿಗಿಂತ ಎದ್ದು ನಿಂತ ಗುಬುಟೇ ಬೆರಳಿಗೆ ಬೇಗ ಸಿಗುತ್ತದೆ.

ಹಂತ 4: ಫೋಕಸ್ ಕೆಲಸವನ್ನು ಹೆಬ್ಬೆರಳಿಗೆ ಕೊಡಿ

ನನ್ನ ಕೈಯನ್ನು ಅತಿ ಹೆಚ್ಚು ಬದಲಿಸಿದ್ದು ಇದೇ. ಸಾಮಾನ್ಯವಾಗಿ ಶಟರ್ ಗುಂಡಿ ಅರ್ಧ ಒತ್ತಿದರೆ ಫೋಕಸ್, ಪೂರ್ತಿ ಒತ್ತಿದರೆ ಫೋಟೊ. ಒಂದು ಬೆರಳಿಗೆ ಎರಡು ಕೆಲಸ. ಹಕ್ಕಿ ಕೊಂಬೆಯ ಹಿಂದೆ ಹೋದ ತಕ್ಷಣ ಫೋಕಸ್ ಕೊಂಬೆಗೆ ಹಾರುತ್ತದೆ. ಫೋಕಸನ್ನು ಹಿಂದಿನ ಗುಂಡಿಗೆ ಕೊಟ್ಟರೆ ಹೆಬ್ಬೆರಳು ಒತ್ತಿರುವವರೆಗೆ ಫೋಕಸ್ ಬೆನ್ನಟ್ಟುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಹಾರುವ ಹಕ್ಕಿಗೆ ಒತ್ತಿ ಹಿಡಿ. ಕೂತ ಹಕ್ಕಿಗೆ ಒಮ್ಮೆ ಒತ್ತಿ ಬಿಡು. ಮೋಡ್ ಬದಲಿಸುವ ಗೊಡವೆಯೇ ಇಲ್ಲ.

ಮಾಡುವುದು ಹೀಗೆ. ಮೊದಲು ಫೋಕಸನ್ನು ನಿರಂತರ ಮೋಡಿಗೆ ಹಾಕಿ. ನಿಕಾನ್, ಸೋನಿ, ಫ್ಯೂಜಿಯಲ್ಲಿ ಅದು ಎಎಫ್-ಸಿ, ಕ್ಯಾನನ್ನಿನಲ್ಲಿ ಸರ್ವೊ. ಆಮೇಲೆ ನಿಮ್ಮ ಕ್ಯಾಮೆರಾಗೆ ತಕ್ಕ ಹಾಗೆ:

ಕ್ಯಾನನ್ 1500ಡಿಯಂಥ ಕ್ಯಾಮೆರಾದಲ್ಲಿ ಕಸ್ಟಮ್ ಫಂಕ್ಷನ್ ಒಳಗೆ ಶಟರ್/ಎಇ ಲಾಕ್ ಬಟನ್ ಅಂತ ಇರುತ್ತದೆ. ಅದರಲ್ಲಿ 1 ಅಥವಾ 3 ಆರಿಸಿದರೆ ನಕ್ಷತ್ರದ ಗುರುತಿನ ಗುಂಡಿ ಫೋಕಸ್ ಗುಂಡಿಯಾಗುತ್ತದೆ. ದೊಡ್ಡ ಕ್ಯಾನನ್‌ಗಳಲ್ಲಿ ಕಸ್ಟಮ್ ಕಂಟ್ರೋಲ್ಸ್‌ಗೆ ಹೋಗಿ, ಶಟರ್ ಅರ್ಧ ಒತ್ತುವುದಕ್ಕೆ ಮೀಟರಿಂಗ್ (ಬೆಳಕು ಅಳೆಯುವುದು) ಮಾತ್ರ ಬಿಡಿ, ಎಎಫ್-ಆನ್ ಗುಂಡಿಗೆ ಫೋಕಸ್ ಕೊಡಿ.

ನಿಕಾನ್ ಡಿ7200ರಂಥದ್ದರಲ್ಲಿ ಎಇ-ಎಲ್/ಎಎಫ್-ಎಲ್ ಗುಂಡಿಗೆ ಎಎಫ್-ಆನ್ ಕೆಲಸ ಕೊಡಿ. ಡಿ500, ಡಿ850ಗಳಲ್ಲಿ ಎಎಫ್ ಆಕ್ಟಿವೇಶನ್ ಅನ್ನು ಎಎಫ್-ಆನ್ ಓನ್ಲಿ ಮಾಡಿ.

ಸೋನಿಯಲ್ಲಿ ಎಎಫ್ ವಿತ್ ಶಟರ್ ಅನ್ನು ಆಫ್ ಮಾಡಿ. ಫ್ಯೂಜಿಯಲ್ಲಿ ಶಟರ್ ಎಎಫ್ ಆಫ್ ಮಾಡಿ.

ಎರಡು ಎಚ್ಚರಿಕೆ. ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ಎಎಫ್-ಆನ್ ಒತ್ತಿದರೆ ಲೆನ್ಸಿನ ವಿಆರ್ (ನಿಕಾನಿನ ಸ್ಟೆಬಿಲೈಸೇಶನ್) ಏಳುವುದಿಲ್ಲ, ಶಟರ್ ಅರ್ಧ ಒತ್ತಿದರೇ ಏಳುವುದು. ಹಾಗಾಗಿ ತೋರುಬೆರಳನ್ನೂ ಜೊತೆಗೆ ಅರ್ಧ ಒತ್ತಿ ಇಡುವ ಅಭ್ಯಾಸ ಮಾಡಿ. ಎರಡನೆಯದು, ನಿಮ್ಮ ಕ್ಯಾಮೆರಾವನ್ನು ಬೇರೆಯವರ ಕೈಗೆ ಕೊಟ್ಟು "ನಮ್ಮದೊಂದು ಫೋಟೊ ತೆಗೀರಿ" ಅನ್ನುವ ಮುಂಚೆ ಇದನ್ನು ಹೇಳಿ. ಇಲ್ಲದಿದ್ದರೆ ಅವರು ಶಟರ್ ಒತ್ತುತ್ತಾರೆ, ಎಲ್ಲ ಮಸುಕು. ನನ್ನ ಅಕ್ಕನ ಮಗನ ನಾಮಕರಣದ ನಾಲ್ಕು ಫೋಟೊ ಹೀಗೇ ಹೋದವು. ಅವತ್ತಿನ ಬೇಸರ ಇನ್ನೂ ಇದೆ.

ಹೊಸದರಲ್ಲಿ ಹೆಬ್ಬೆರಳು ಮರೆಯುತ್ತದೆ. ಮೊದಲ ವಾರ ಬಿಟ್ಟುಬಿಡೋಣ ಅನ್ನಿಸುತ್ತದೆ. ಬಿಡಬೇಡಿ.

ಹಂತ 5: ಲೆನ್ಸಿನ ಮೇಲೆ ಇರುವುದು

ಲೆನ್ಸಿನ ಎಡಬದಿಯ ಸ್ವಿಚ್ಚುಗಳನ್ನು ಬಹಳ ಜನ ಮುಟ್ಟುವುದೇ ಇಲ್ಲ. ಅವು ಎಡಗೈ ಹೆಬ್ಬೆರಳಿಗಾಗಿಯೇ ಅಲ್ಲಿ ಕೂತಿವೆ. ಯಾವುದು ಮೇಲೆ, ಯಾವುದು ಕೆಳಗೆ ಅಂತ ಲೆಕ್ಕ ಇಟ್ಟುಕೊಳ್ಳಿ: ಮೇಲಿನಿಂದ ಮೊದಲನೆಯದು, ಎರಡನೆಯದು, ಮೂರನೆಯದು.

ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಫೋಕಸ್ ಲಿಮಿಟರ್ ಬಹಳ ಉಪಯೋಗದ್ದು. 200-500ರಲ್ಲಿ ಎರಡು ಸ್ಥಾನ: ಪೂರ್ತಿ, ಅಥವಾ 6 ಮೀಟರಿನಿಂದ ಇನ್ಫಿನಿಟಿ, ಅಂದರೆ ಎಷ್ಟು ದೂರಕ್ಕಾದರೂ. ಕ್ಯಾನನ್ 100-400ರ ಎರಡನೆಯ ಆವೃತ್ತಿಯಲ್ಲಿ 3 ಮೀಟರಿನಿಂದ ಇನ್ಫಿನಿಟಿ. ಆಕಾಶದಲ್ಲಿ ಗರುಡ ಹಾರುತ್ತಿದ್ದರೆ ಲೆನ್ಸ್ ಎರಡು ಮೀಟರಿನ ಹತ್ತಿರ ಹುಡುಕುವ ಅಗತ್ಯವಿಲ್ಲ. ಲಿಮಿಟರ್ ಹಾಕಿದರೆ ಒಮ್ಮೆ ತಪ್ಪಿದ ಫೋಕಸ್ ಬೇಗ ವಾಪಸ್ ಬರುತ್ತದೆ. ಆದರೆ ಚಿಟ್ಟೆಯೊಂದು ಹತ್ತಿರ ಬಂದು ಕೂತಾಗ ಫೋಕಸ್ ಆಗದಿದ್ದರೆ ಗಾಬರಿ ಬೀಳಬೇಡಿ, ಆ ಸ್ವಿಚ್ ನೋಡಿ.

ಸ್ಟೆಬಿಲೈಸೇಶನ್ ಸ್ವಿಚ್ಚಿಗೂ ಒಂದಕ್ಕಿಂತ ಹೆಚ್ಚು ಸ್ಥಾನ ಇರುತ್ತದೆ. ಕ್ಯಾನನ್ನಿನ ಮೋಡ್ 1 ಸಾಮಾನ್ಯ ಕೆಲಸಕ್ಕೆ. ಮೋಡ್ 2 ಒಂದೇ ದಿಕ್ಕಿನಲ್ಲಿ ಕ್ಯಾಮೆರಾ ತಿರುಗಿಸುತ್ತಾ ತೆಗೆಯುವುದಕ್ಕೆ. ಮೋಡ್ 3 ಫೋಟೊ ಬೀಳುವ ಕ್ಷಣಕ್ಕೆ ಮಾತ್ರ ಏಳುತ್ತದೆ, ವ್ಯೂಫೈಂಡರಿನಲ್ಲಿ ಚಿತ್ರ ಜಗ್ಗಿದ ಹಾಗೆ ಅನ್ನಿಸುವುದಿಲ್ಲ. 200-500ರಲ್ಲಿ ನಾರ್ಮಲ್ ಮತ್ತು ಸ್ಪೋರ್ಟ್. ಹಾರುವ ಹಕ್ಕಿಗೆ ಸ್ಪೋರ್ಟ್ ಹಿತ. ಹಳೆಯ ಲೆನ್ಸುಗಳನ್ನು ಗಟ್ಟಿ ಟ್ರೈಪಾಡ್ ಮೇಲೆ ಇಟ್ಟಾಗ ಇದನ್ನು ಆಫ್ ಮಾಡಿ.

ಝೂಮ್ ರಿಂಗ್ ಒಂದೊಂದು ಲೆನ್ಸಿನಲ್ಲಿ ಒಂದೊಂದು ಥರ. 200-500ರಲ್ಲಿ ಆ ತುದಿಯಿಂದ ಈ ತುದಿಗೆ ಹೋಗಲು ಕೈಯನ್ನು ನಡುವೆ ಬಿಟ್ಟು ಮತ್ತೆ ಹಿಡಿಯಬೇಕಾಗುತ್ತದೆ. ಝಡ್ 180-600ರಲ್ಲಿ 70 ಡಿಗ್ರಿ ತಿರುಗಿಸಿದರೆ ಸಾಕು, ಮಣಿಕಟ್ಟಿನ ಒಂದೇ ತಿರುವು. ನಿಮ್ಮದು ಉದ್ದ ತಿರುವಿನದಾದರೆ ಒಂದು ಉಪಾಯ ಇದೆ. ಮೊದಲೇ ಎಡಗೈಯನ್ನು ಹಿಮ್ಮುಖವಾಗಿ ಸ್ವಲ್ಪ ತಿರುಚಿ ರಿಂಗ್ ಹಿಡಿಯಿರಿ. ತಿರುವು ಮುಗಿಯುವ ಹೊತ್ತಿಗೆ ಕೈ ಸಹಜ ಸ್ಥಿತಿಗೆ ಬಂದಿರುತ್ತದೆ.

ಲೆನ್ಸನ್ನು ಕೆಳಮುಖ ಮಾಡಿದರೆ ತಾನಾಗಿ ಜಾರಿ ಉದ್ದವಾಗುವ ತೊಂದರೆ ಕೆಲವಕ್ಕಿದೆ. ನಡೆಯುವಾಗ ಝೂಮ್ ಲಾಕ್ ಹಾಕಿ. ಟ್ಯಾಮ್ರಾನ್ 150-600 ಜಿ2ರಲ್ಲಿ ರಿಂಗನ್ನೇ ಮುಂದಕ್ಕೆ ಸರಿಸಿದರೆ ಯಾವ ಸ್ಥಾನದಲ್ಲಾದರೂ ಲಾಕ್ ಆಗುತ್ತದೆ. ಕ್ಯಾನನ್ 100-400 ಎರಡನೆಯ ಆವೃತ್ತಿಯಲ್ಲಿ ಬಿಗಿ ಮಾಡುವ ರಿಂಗೇ ಬೇರೆ ಇದೆ.

ಫೋಕಸ್ ರಿಂಗ್, ಝೂಮ್ ರಿಂಗ್ ಕೈಗೆ ಒಂದೇ ಥರ ಅನ್ನಿಸಿದರೆ ಒಂದರ ಮೇಲೆ ಅಗಲದ ರಬ್ಬರ್ ಬ್ಯಾಂಡ್ ಹಾಕಿ. ಆಗುಂಬೆ ಕಡೆ ಮಳೆಗಾಲದ ರಾತ್ರಿ ಕಪ್ಪೆ ಫೋಟೊ ತೆಗೆಯುವಾಗ ಇದು ನನ್ನನ್ನು ಕಾಪಾಡಿದೆ. ಕ್ಯಾಮೆರಾ ಮೇಲೆ ಮಳೆ ಹೊದಿಕೆ, ಕೈ ಒದ್ದೆ, ಸುತ್ತ ಕತ್ತಲೆ. ಆಗ ಕಾಣುವುದು ಏನೂ ಇಲ್ಲ, ತಾಗುವುದೇ ಎಲ್ಲ. ನಿಕಾನ್ ಡಿ500, ಡಿ850ಗಳಲ್ಲಿ ಪವರ್ ಸ್ವಿಚ್ಚನ್ನು ಆನ್ ದಾಟಿಸಿ ತಿರುಗಿಸಿದರೆ ಗುಂಡಿಗಳಿಗೆ ಬೆಳಕು ಬರುತ್ತದೆ. ಅಂಥ ಕ್ಯಾಮೆರಾ ಇಲ್ಲದವರಿಗೆ ರಬ್ಬರ್ ಬ್ಯಾಂಡೇ ಗತಿ.

ಎರಡು ಕಂಪನಿಯ ಕ್ಯಾಮೆರಾ ಬಳಸುವವರು ಇನ್ನೊಂದು ಗಮನಿಸಿ. ಎದುರಿನಿಂದ ನೋಡಿದರೆ ಕ್ಯಾನನ್ ಲೆನ್ಸ್ ಕೂರಿಸುವುದು ಗಡಿಯಾರದ ಮುಳ್ಳಿನ ದಿಕ್ಕಿಗೆ, ನಿಕಾನ್ ಅದಕ್ಕೆ ಉಲ್ಟಾ. ಫೋಕಸ್, ಝೂಮ್ ರಿಂಗ್ ತಿರುಗುವ ದಿಕ್ಕೂ ಹೀಗೇ ಅದಲು ಬದಲು. ಇದನ್ನು ಮೆನುವಿನಿಂದ ಸರಿ ಮಾಡಲು ಬಹುಪಾಲು ಆಗುವುದಿಲ್ಲ. ಆದಷ್ಟು ಒಂದೇ ಬಳಗದಲ್ಲಿ ಇರಿ.

ಹಂತ 6: ಮೂಗು ಮತ್ತು ಟಚ್ ಸ್ಕ್ರೀನ್

ಎಡಗಣ್ಣಿನಿಂದ ನೋಡುವವರ ಮೂಗು ಪರದೆಗೆ ತಾಗುತ್ತದೆ. ವ್ಯೂಫೈಂಡರಿನಲ್ಲಿ ನೋಡುವಾಗ ಪರದೆ ಸವರಿ ಫೋಕಸ್ ಬಿಂದು ಸರಿಸುವ ಸೌಲಭ್ಯ ಆನ್ ಇದ್ದರೆ, ಬಿಂದು ಮೂಲೆಗೆ ಓಡಿಹೋಗುತ್ತದೆ. ಕಾರಣ ತಿಳಿಯದೆ ನಾನು ಒಂದು ಇಡೀ ಬೆಳಗ್ಗೆ ಕಳೆದುಕೊಂಡಿದ್ದೇನೆ. ಆ ಆಯ್ಕೆಯನ್ನು ಆಫ್ ಮಾಡಿ, ಅಥವಾ ಮೂಗು ತಾಗದ ಭಾಗಕ್ಕೆ ಮಾತ್ರ ಸೀಮಿತ ಮಾಡಿ. ಜಾಯ್‌ಸ್ಟಿಕ್ ಇದ್ದರೆ ಬಿಂದು ಸರಿಸಲು ಅದನ್ನೇ ಬಳಸಿ. ಜಾಯ್‌ಸ್ಟಿಕ್ ಒತ್ತಿದರೆ ಬಿಂದು ನಡುವಿಗೆ ಬರುವ ಹಾಗೆ ಮಾಡಿಕೊಳ್ಳಿ.

ಹಂತ 7: ಕೈಯ ಅಳತೆ, ಎಡಚರು, ನೋವು

ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಚಿಕ್ಕವು. ದೊಡ್ಡ ಕೈಯವರಿಗೆ ಕಿರುಬೆರಳು ಕೆಳಗೆ ಜಾರುತ್ತದೆ, ನೇತಾಡುವ ಕಿರುಬೆರಳಿನಿಂದ ಮಣಿಕಟ್ಟು ನೋಯುತ್ತದೆ. ತಳಕ್ಕೆ ತಿರುಪಿನಲ್ಲಿ ಹಾಕುವ ಲೋಹದ ಪ್ಲೇಟ್ ಸಿಗುತ್ತದೆ, ಅದನ್ನು ಹಾಕಿ. ಚಿಕ್ಕ ಕೈಯವರ ಕಷ್ಟ ಬೇರೆ: ಗ್ರಿಪ್ ಪೂರ್ತಿ ಹಿಡಿದರೆ ಹೆಬ್ಬೆರಳು ಡಯಲ್ಲಿಗೆ ನಿಲುಕುವುದಿಲ್ಲ. ಅವರು ಹಿಡಿತವನ್ನು ಅರ್ಧ ಅಂಗುಲ ಮೇಲಕ್ಕೆ ಸರಿಸಿ, ಕಿರುಬೆರಳನ್ನು ಗ್ರಿಪ್ಪಿನ ಮೇಲೇ ಉಳಿಸಿಕೊಂಡು ನೋಡಬೇಕು. ಅಂಗಡಿಯಲ್ಲಿ ಕೊಳ್ಳುವಾಗ ನಿಮ್ಮದೇ ಭಾರದ ಲೆನ್ಸ್ ಹಾಕಿಸಿ ಐದು ನಿಮಿಷ ಹಿಡಿದು ನೋಡಿ. ಬರೀ ಬಾಡಿ ಹಿಡಿದರೆ ಏನೂ ಗೊತ್ತಾಗುವುದಿಲ್ಲ.

ಎಡಗೈಯವರಿಗೆ ಈ ಲೋಕ ಕರುಣೆ ತೋರಿಸಿಲ್ಲ. ಡ್ರೆಸ್ಡನ್ನಿನ ಇಹಾಗೆ ಕಂಪನಿಯ ಹಳೆಯ ಎಕ್ಸಾಕ್ಟಾ ಕ್ಯಾಮೆರಾಗಳಲ್ಲಿ ಶಟರ್ ಗುಂಡಿ, ಫಿಲ್ಮ್ ಸುತ್ತುವ ಸನ್ನೆ ಎರಡೂ ಎಡಕ್ಕಿದ್ದವು. ಈಗ ಮಾರುಕಟ್ಟೆಯಲ್ಲಿ ಇರುವುದೆಲ್ಲ ಬಲಗೈಯವೇ. ಆದರೆ ಭಾರ ಹೊರುವುದು, ಝೂಮ್, ಫೋಕಸ್ ರಿಂಗ್ ಎಲ್ಲ ಎಡಗೈ ಕೆಲಸವೇ ಆದ್ದರಿಂದ ಉದ್ದ ಲೆನ್ಸಿನಲ್ಲಿ ಎಡಚರ ಕೈ ಚೆನ್ನಾಗಿಯೇ ಓಡುತ್ತದೆ.

ಎರಡು ಕಿಲೊ ಲೆನ್ಸನ್ನು ಕೊರಳಿಗೆ ನೇತು ಹಾಕಬೇಡಿ. ಭುಜದಿಂದ ಅಡ್ಡಲಾಗಿ ಬರುವ ಪಟ್ಟಿ ಹಾಕಿ, ಅದನ್ನು ಲೆನ್ಸಿನ ಟ್ರೈಪಾಡ್ ಕಾಲಿಗೆ ಸಿಕ್ಕಿಸಿ. ಸಫಾರಿ ಜೀಪಿನಲ್ಲಿ ಬೀನ್ ಬ್ಯಾಗ್ ಒಳ್ಳೆಯದು. ಖಾಲಿ ಚೀಲ ಒಯ್ದು ಊರಲ್ಲಿ ಅಕ್ಕಿ ತುಂಬಿಸಿಕೊಳ್ಳಿ. ಎಂಜಿನ್ ನಿಲ್ಲಿಸಲು ಹೇಳಿ, ಆಮೇಲೆ ತೆಗೆಯಿರಿ.

ಹಂತ 8: ಕತ್ತಲಲ್ಲಿ ಅಭ್ಯಾಸ

ದಿನಕ್ಕೆ ಹತ್ತು ನಿಮಿಷ. ಕರೆಂಟ್ ಹೋದಾಗ ಮಾಡಿದರೆ ಇನ್ನೂ ಒಳ್ಳೆಯದು.

ಬಹುಪಾಲು ಕ್ಯಾಮೆರಾಗಳಲ್ಲಿ ಡಯಲ್ಲಿನ ಒಂದು ಕ್ಲಿಕ್ ಅಂದರೆ ಮೂರನೇ ಒಂದು ಸ್ಟಾಪ್. ಮೂರು ಕ್ಲಿಕ್ಕಿಗೆ ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟು ಅಥವಾ ಅರ್ಧ. ಹಾಗಾದರೆ 1/500ರಿಂದ 1/2000ಕ್ಕೆ ಆರು ಕ್ಲಿಕ್. ಐಎಸ್‌ಒ 400ರಿಂದ 1600ಕ್ಕೂ ಆರು ಕ್ಲಿಕ್. ಕಣ್ಣು ಮುಚ್ಚಿ ಎಣಿಸಿ ತಿರುಗಿಸಿ, ಕಣ್ಣು ಬಿಟ್ಟು ಸರಿಯಾಯಿತಾ ನೋಡಿ. ಮೊದಲ ದಿನ ತಪ್ಪುತ್ತದೆ. ನಾಲ್ಕನೇ ದಿನಕ್ಕೆ ಬೆರಳಿಗೆ ಎಣಿಕೆ ಬರುತ್ತದೆ. ಐಎಸ್‌ಒ ಹೆಜ್ಜೆಯನ್ನು ಪೂರ್ತಿ ಸ್ಟಾಪಿಗೆ ಬದಲಿಸಿಕೊಂಡರೆ ಆರು ಕ್ಲಿಕ್ಕಿನ ಕೆಲಸ ಎರಡರಲ್ಲಿ ಆಗುತ್ತದೆ. ನಾನು ಹಾಗೇ ಇಟ್ಟುಕೊಂಡಿದ್ದೇನೆ.

ಎರಡನೇ ವಾರ ತಾರಸಿಗೆ ಹೋಗಿ. ಊರ ಮೇಲೆ ಸುತ್ತುವ ಹದ್ದುಗಳಷ್ಟು ಒಳ್ಳೆಯ ಗುರು ಇಲ್ಲ. ನಿಧಾನ ಹಾರುತ್ತವೆ, ಎಲ್ಲ ಕಡೆ ಸಿಗುತ್ತವೆ. ಎರಡೂ ಕಣ್ಣು ತೆರೆದು ಹದ್ದನ್ನು ನೋಡುತ್ತಲೇ ಕ್ಯಾಮೆರಾವನ್ನು ಕಣ್ಣಿಗೆ ತನ್ನಿ. ತಲೆ ಬಗ್ಗಿಸಬೇಡಿ, ಕ್ಯಾಮೆರಾ ಮೇಲೆ ಬರಲಿ. ಅಗಲ ಝೂಮಿನಲ್ಲಿ ಹಕ್ಕಿ ಹಿಡಿದು, ಹೆಬ್ಬೆರಳಲ್ಲಿ ಫೋಕಸ್ ಒತ್ತಿ, ಆಮೇಲೆ ಹತ್ತಿರ ತನ್ನಿ. ಕಾರ್ಡ್ ಇಲ್ಲದಿದ್ದರೂ ನಡೆಯುತ್ತದೆ. ಇಲ್ಲಿ ಬೇಕಾದ್ದು ಕೈಗೆ ಪಾಠ. ಮೂರನೇ ವಾರ ಕಾಗೆ, ಪಾರಿವಾಳ. ಅವು ವೇಗ ಜಾಸ್ತಿ, ದಿಕ್ಕು ಬದಲಿಸುತ್ತವೆ.

ಕೈಗೆ ಒಂದು ಹೊಂದಾಣಿಕೆ ಕೂತ ಮೇಲೆ ಅದನ್ನು ಸಿ1, ಯು1 ತರಹದ ನೆನಪಿನ ಮೋಡಿಗೆ ಉಳಿಸಿ. ಒಂದರಲ್ಲಿ ಹಾರುವ ಹಕ್ಕಿ, ಇನ್ನೊಂದರಲ್ಲಿ ಕೂತ ಹಕ್ಕಿ. ಅದಕ್ಕಿಂತ ಜಾಸ್ತಿ ಬೇಡ. ಗುಂಡಿಗಳ ಕೆಲಸ ಮಾತ್ರ ಎರಡರಲ್ಲೂ ಒಂದೇ ಇರಲಿ.

ಹಂತ 9: ಚೀಲಕ್ಕೆ ಹಾಕುವ ಮುಂಚೆ

ಪ್ರತಿ ಸಲ, ಸುಸ್ತಾಗಿದ್ದರೂ, ಇದೇ ಕ್ರಮದಲ್ಲಿ ಮಾಡಿ. ಕಾಂಪೆನ್ಸೇಶನ್ ಸೊನ್ನೆಗೆ. ಐಎಸ್‌ಒ ನಿಮ್ಮ ಮಾಮೂಲಿ ಅಂಕಿಗೆ. ಫೋಕಸ್ ಬಿಂದು ನಡುವಿಗೆ. ಲಿಮಿಟರ್ ಪೂರ್ತಿಗೆ. ಸ್ಟೆಬಿಲೈಸೇಶನ್ ಆನ್. ಲೆನ್ಸಿನ ಫೋಕಸ್ ಸ್ವಿಚ್ ಎಂ (ಮ್ಯಾನ್ಯುಯಲ್) ಕಡೆ ಜಾರಿದ್ದರೆ ಎ (ಆಟೊ) ಕಡೆಗೆ ತನ್ನಿ. ಚೀಲದಲ್ಲಿ ಪದೇ ಪದೇ ಜಾರುತ್ತಿದ್ದರೆ ಅದರ ಮೇಲೆ ಒಂದು ತುಂಡು ಕಪ್ಪು ಟೇಪ್ ಹಚ್ಚಿ. ಝೂಮ್ ಒಳಕ್ಕೆ ತಂದು ಲಾಕ್. ನಾಳೆ ಬೆಳಗ್ಗೆ ಆರು ಗಂಟೆಯ ಮಬ್ಬಿನಲ್ಲಿ ಕ್ಯಾಮೆರಾ ಎತ್ತಿದಾಗ ಪ್ರತಿ ಡಯಲ್ ಎಲ್ಲಿ ನಿಂತಿದೆ ಅಂತ ಬೆರಳಿಗೆ ಗೊತ್ತಿರುತ್ತದೆ, ಅಲ್ಲಿಂದ ಕ್ಲಿಕ್ ಎಣಿಸಬಹುದು.